ಟೈರಿನ ಗಾಳಿ ದೈವಾಧೀನವಲ್ಲ

2023ರ ಫೆಬ್ರವರಿ ತಿಂಗಳಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ನೀಡಿದ ಒಂದು ತೀರ್ಪು, ಸ್ವಂತ ಕಾರಿಟ್ಟುಕೊಂಡಿರುವ ಪ್ರತಿಯೊಬ್ಬ ಗೃಹಸ್ಥನೂ ಮನನ ಮಾಡಬೇಕಾದಂಥದು. 2010ರ ಅಕ್ಟೋಬರಿನಲ್ಲಿ ಪುಣೆಯಿಂದ ಮುಂಬಯಿಗೆ ಬರುತ್ತಿದ್ದ ಕಾರೊಂದರ ಹಿಂದಿನ ಟೈರು ಒಡೆದು, ಕಾರು ಆಳವಾದ ಹಳ್ಳಕ್ಕೆ ಉರುಳಿ, ಅದರಲ್ಲಿದ್ದ ಪ್ರಯಾಣಿಕರೊಬ್ಬರು ಸ್ಥಳದಲ್ಲೇ ಅಸುನೀಗಿದ್ದರು. ಅವರ ಕುಟುಂಬಕ್ಕೆ ಒಂದೂಕಾಲು ಕೋಟಿ ರೂಪಾಯಿಗಳ ಪರಿಹಾರ ಕೊಡಬೇಕೆಂದು ಮೋಟಾರು ಅಪಘಾತ ನ್ಯಾಯಮಂಡಳಿ ವಿಧಿಸಿದಾಗ, ವಿಮಾ ಸಂಸ್ಥೆಯು ಮೇಲ್ಮನವಿ ಸಲ್ಲಿಸಿ, ಟೈರು ಒಡೆಯುವುದು ದೈವಕೃತ್ಯ, ಅದಕ್ಕೆ ಯಾರೂ ಹೊಣೆಯಲ್ಲ ಎಂದು ವಾದಿಸಿತು. ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಮನುಷ್ಯಮಾತ್ರರು ಹೊಣೆಯಾಗಲಾರದ, ಮೊದಲೇ ಊಹಿಸಲಾಗದ ನೈಸರ್ಗಿಕ ಅನಾಹುತವನ್ನು ಮಾತ್ರ ದೈವಕೃತ್ಯವೆನ್ನಬಹುದು. ಟೈರು ಒಡೆಯುವುದಕ್ಕೆ ಅತಿವೇಗ, ಗಾಳಿಯ ಕೊರತೆ, ಗಾಳಿಯ ಅತಿರೇಕ, ಹಳೆಯ ಟೈರು, ತಾಪಮಾನ ಮೊದಲಾದ ಕಾರಣಗಳಿರುತ್ತವೆ. ಪ್ರಯಾಣಕ್ಕೆ ಮುನ್ನ ಟೈರಿನ ಸ್ಥಿತಿಯನ್ನು ಪರೀಕ್ಷಿಸುವುದು ಮಾಲೀಕನ ಅಥವಾ ಚಾಲಕನ ಕರ್ತವ್ಯ ಎಂಬುದು ತೀರ್ಪಿನ ತಾತ್ಪರ್ಯ.

ಕನ್ನಡಿಗರ ಮನೆಗಳಲ್ಲಿ ಮಹಾನವಮಿಯ ದಿನ ನಡೆಯುವ ಆಯುಧಪೂಜೆಯು ಮುಂಬಯಿ, ಚೆನ್ನೈ, ಹೈದರಾಬಾದು, ದಿಲ್ಲಿಗಳಿಗೆ ವಲಸೆ ಬಂದ ಮೇಲೂ ನಿಂತಿಲ್ಲ. ಬೆಳಗಾಗುತ್ತಲೇ ಕಾರನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ತೊಡಿಸಿ, ಬೂದುಗುಂಬಳಕಾಯಿ ಒಡೆದು, ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣುಗಳನ್ನಿಟ್ಟು ಗಾಡಿಯನ್ನು ಮುಂದಕ್ಕೆ ನಡೆಸುವ ಈ ಆಚಾರದಲ್ಲಿ ಅರ್ಥವಿದೆ. ದುಡಿಯುವ ಸಾಧನಕ್ಕೆ ಕೃತಜ್ಞತೆ ಸಲ್ಲಿಸುವುದು ಸಂಸ್ಕೃತಿಯ ಲಕ್ಷಣ. ಆದರೆ ನಿಂಬೆಹಣ್ಣನ್ನಿಡಲು ಚಕ್ರದ ಬಳಿ ಬಾಗಿದ ಅದೇ ಗೃಹಸ್ಥ, ಆ ಚಕ್ರದೊಳಗೆ ಗಾಳಿ ಎಷ್ಟಿದೆ ಎಂದು ನೋಡುವುದು ಅಪರೂಪ. ನೋಡಬೇಕೆಂದು ಅನಿಸಿದರೂ, ಎಷ್ಟಿರಬೇಕು ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರುವುದು ಇನ್ನೂ ಅಪರೂಪ. ಭಕ್ತಿಯಿಂದ ಪೂಜಿಸಿದ ವಸ್ತುವನ್ನು ಅಜ್ಞಾನದಿಂದ ನಡೆಸಿಕೊಳ್ಳುವ ಈ ವಿಪರ್ಯಾಸ ಕೊನೆಗೊಳ್ಳಬೇಕಾಗಿದೆ.

ಹೊರೆ ಹೊರುವುದು ಗಾಳಿ

ಕಾರಿನ ಭಾರವನ್ನು ರಬ್ಬರು ಹೊರುತ್ತದೆಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಆ ಭಾರದ ಬಹುಪಾಲನ್ನು ಹೊರುವುದು ರಬ್ಬರಿನ ಒಳಗೆ ತುಂಬಿಟ್ಟ ಗಾಳಿ. ರಬ್ಬರು ಮತ್ತು ನೂಲು, ತಂತಿಗಳ ಹೆಣಿಗೆಯು ಆ ಗಾಳಿಯನ್ನು ಹಿಡಿದಿಡುವ ಚೀಲ ಮಾತ್ರ. ಈ ತತ್ತ್ವವನ್ನು ಮೊದಲು ಕಂಡುಕೊಂಡು 1845ರಲ್ಲಿ ಬ್ರಿಟನ್ನಿನಲ್ಲಿ ಹಕ್ಕುಪತ್ರ ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್. ಅವನ ಶೋಧ ಮರೆವಿಗೆ ಸಂದ ಬಳಿಕ, 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೊಮ್ಮೆ ಕಂಡುಹಿಡಿದು ಲೋಕಕ್ಕೆ ಪರಿಚಯಿಸಿದ. ಡನ್‌ಲಪ್ ವೃತ್ತಿಯಿಂದ ಪಶುವೈದ್ಯ. ತನ್ನ ಮಗನ ಮೂರುಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡದಿರಲೆಂದು ಗಾಳಿ ತುಂಬಿದ ಕೊಳವೆಯನ್ನು ಚಕ್ರಕ್ಕೆ ಸುತ್ತಿದ. ಅಂದಿನಿಂದ ಇಂದಿನವರೆಗೆ ಟೈರಿನ ರಚನೆ ಎಷ್ಟೇ ಬದಲಾದರೂ ಹೊರೆ ಹೊರುವ ಕೆಲಸ ಗಾಳಿಯದೇ ಆಗಿ ಉಳಿದಿದೆ.

ಐವರು ಕುಳಿತ ಸಣ್ಣ ಕಾರೊಂದರ ಪ್ರತಿಯೊಂದು ಚಕ್ರದ ಮೇಲೂ ಮುನ್ನೂರು ಕಿಲೋಗ್ರಾಮಿಗೂ ಮಿಕ್ಕಿದ ಭಾರ ಬೀಳುತ್ತದೆ. ಆದರೆ ಪ್ರತಿಯೊಂದು ಚಕ್ರವೂ ನೆಲವನ್ನು ಮುಟ್ಟುವುದು ಸುಮಾರು ಒಂದು ಅಂಗೈಯಗಲದಷ್ಟು ಜಾಗದಲ್ಲಿ. ತಿರುವಿನಲ್ಲಿ ಹಿಡಿತ, ಮಳೆಯಲ್ಲಿ ನಿಲುಗಡೆ, ಮಗುವೊಂದು ಅಡ್ಡ ಬಂದಾಗ ಬ್ರೇಕಿನ ಫಲ, ಎಲ್ಲವೂ ಆ ನಾಲ್ಕು ಅಂಗೈಗಳನ್ನೇ ಅವಲಂಬಿಸಿವೆ. ಗಾಳಿ ಹೆಚ್ಚಾದರೆ ಟೈರು ನಡುವೆ ಉಬ್ಬಿ ಅಂಗೈ ಕಿರಿದಾಗುತ್ತದೆ. ನಡುಭಾಗ ಬೇಗ ಸವೆಯುತ್ತದೆ. ಹೊಂಡಕ್ಕೆ ಬಿದ್ದಾಗ ಏಟನ್ನು ನುಂಗಿಕೊಳ್ಳುವ ಶಕ್ತಿ ಕುಂದುತ್ತದೆ. ಗಾಳಿ ಕಡಿಮೆಯಾದರೆ ಎರಡು ಅಂಚುಗಳು ಸವೆಯುತ್ತವೆ, ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ. ಇವು ಕಣ್ಣಿಗೆ ಕಾಣುವ ನಷ್ಟಗಳು.

ಕಣ್ಣಿಗೆ ಕಾಣದ ಅಪಾಯವೆಂದರೆ ಶಾಖ. ನೆಲ ಮುಟ್ಟಿದಾಗಲೆಲ್ಲ ಟೈರಿನ ಪಕ್ಕದ ಗೋಡೆ ಬಾಗುತ್ತದೆ, ಮೇಲೇರಿದಾಗ ನೆಟ್ಟಗಾಗುತ್ತದೆ. ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಓಡುವ ಸಣ್ಣ ಕಾರಿನ ಚಕ್ರ ಒಂದು ಗಂಟೆಯಲ್ಲಿ ಸುಮಾರು 50 ಸಾವಿರ ಸುತ್ತು ಸುತ್ತುತ್ತದೆ. ಅಷ್ಟೇ ಬಾರಿ ಆ ಗೋಡೆ ಬಾಗಿ ಏಳುತ್ತದೆ. ಗಾಳಿ ಕಡಿಮೆಯಿದ್ದಷ್ಟೂ ಬಾಗುವಿಕೆ ಹೆಚ್ಚು. ಬಾಗುವಿಕೆ ಹೆಚ್ಚಿದಷ್ಟೂ ಶಾಖ ಹೆಚ್ಚು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಅದು ಬಿಸಿಯಾಗಿ ಕೊನೆಗೆ ತುಂಡಾಗುವುದನ್ನು ಬಾಲ್ಯದಲ್ಲಿ ಎಲ್ಲರೂ ಕಂಡವರೇ. ಟೈರಿನ ಒಳಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುವುದೂ ಹೀಗೆಯೇ. ನಗರದ ನಿಧಾನ ಸಂಚಾರದಲ್ಲಿ ತಿಂಗಳುಗಟ್ಟಲೆ ಮೌನವಾಗಿ ಸಹಿಸಿಕೊಂಡ ಟೈರು, ಹೆದ್ದಾರಿಯ ವೇಗದಲ್ಲಿ, ತುಂಬಿದ ಭಾರದಡಿ, ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆಲೇ ಕೈಕೊಡುತ್ತದೆ. ಆಗ ಅದನ್ನು ಹಣೆಬರಹವೆನ್ನುವುದು ಸುಲಭ.

ಸರಿಯಾದ ಅಂಕಿ ಎಲ್ಲಿದೆ?

ಎಲ್ಲ ಕಾರುಗಳಿಗೂ ಒಂದೇ ಅಂಕಿ ಎಂಬುದಿಲ್ಲ. ಸಾಮಾನ್ಯ ಕಾರುಗಳಿಗೆ ಚದರ ಅಂಗುಲಕ್ಕೆ 30ರಿಂದ 36 ಪೌಂಡುಗಳ ಆಸುಪಾಸಿನಲ್ಲಿ ಗಾಳಿ ಬೇಕಾಗುವುದಾದರೂ, ಆಯಾ ಕಾರಿನ ತೂಕ, ಆ ತೂಕದ ಹಂಚಿಕೆ, ಟೈರಿನ ಅಳತೆ ಇವುಗಳನ್ನು ನೋಡಿ ತಯಾರಕರು ಆ ಕಾರಿನದೇ ಆದ ಅಂಕಿಯನ್ನು ಗೊತ್ತುಮಾಡಿರುತ್ತಾರೆ. ಚಾಲಕನ ಬಾಗಿಲನ್ನು ತೆರೆದರೆ ಬಾಗಿಲ ಚೌಕಟ್ಟಿನ ಕಂಬದ ಮೇಲೆ ಅಂಟಿಸಿರುವ ಸಣ್ಣ ಚೀಟಿಯಲ್ಲಿ ಅದು ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲು ತುಂಬಿಸುವ ಬಾಯಿಯ ಮುಚ್ಚಳದ ಒಳಬದಿಯಲ್ಲಿರುತ್ತದೆ. ಕಾರಿನೊಡನೆ ಬಂದ ಕೈಪಿಡಿಯಲ್ಲಂತೂ ಇದ್ದೇ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಮುಂದಿನ ಚಕ್ರಕ್ಕೆ ಒಂದು, ಹಿಂದಿನದಕ್ಕೆ ಇನ್ನೊಂದು. ಇಬ್ಬರು ಕುಳಿತಾಗ ಒಂದು, ಪೂರ್ತಿ ಭಾರವಿದ್ದಾಗ ಇನ್ನೊಂದು ಎಂದು ಅಂಕಿಗಳು ಬೇರೆಬೇರೆ. ಕೆಲವು ಚೀಟಿಗಳಲ್ಲಿ ಅಂಕಿ ಕಿಲೋಪಾಸ್ಕಲಿನಲ್ಲೋ ಬಾರ್ ಎಂಬ ಮಾನದಲ್ಲೋ ಇರುವುದುಂಟು. 230 ಕಿಲೋಪಾಸ್ಕಲ್ ಅಂದರೂ 2.3 ಬಾರ್ ಅಂದರೂ ಸುಮಾರು 33 ಪೌಂಡು.

ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ಅಂಕಿಯನ್ನೇ ಸರಿಯಾದ ಒತ್ತಡವೆಂದು ತಿಳಿಯುವವರು ಸುಶಿಕ್ಷಿತರಲ್ಲಿಯೂ ಇದ್ದಾರೆ. ಕೆಲವು ಟೈರುಗಳ ಮೇಲೆ 44 ಅಥವಾ 51 ಪೌಂಡು ಎಂದಿರುತ್ತದೆ. ಅದು ಆ ಟೈರು ತಾಳಿಕೊಳ್ಳಬಲ್ಲ ಗರಿಷ್ಠ ಒತ್ತಡ. ಔಷಧದ ಸೀಸೆಯ ಮೇಲೆ ಮೀರಬಾರದ ಪ್ರಮಾಣವೆಂದು ಬರೆದುದನ್ನು ದಿನನಿತ್ಯದ ಪ್ರಮಾಣವೆಂದು ಭಾವಿಸಿ ಸೇವಿಸುವವನನ್ನು ಯಾರು ತಾನೇ ವಿವೇಕಿಯೆಂದಾರು?

ಪೆಟ್ರೋಲು ಬಂಕಿನಲ್ಲಿ ಗಾಳಿ ಹಾಕುವ ಹುಡುಗನನ್ನೇ ಪರಿಣತನೆಂದು ನಂಬುವುದು ಇನ್ನೊಂದು ವಾಡಿಕೆ. ‘ಎಷ್ಟು ಹಾಕಲಿ?’ ಎಂದು ಅವನು ಕೇಳಿದಾಗ, ‘ನಿನಗೆ ಗೊತ್ತಲ್ಲ, ಹಾಕು’ ಎಂಬ ಉತ್ತರ ಬರುತ್ತದೆ. ಬಿಸಿಲಲ್ಲಿ ನಿಂತು ಬೆಳಗಿನಿಂದ ಹತ್ತಾರು ಬಗೆಯ ಗಾಡಿಗಳಿಗೆ ಗಾಳಿ ಹಾಕುವವನಿಗೆ ಪ್ರತಿಯೊಂದರ ಅಂಕಿ ನೆನಪಿರಬೇಕೆಂದು ಬಯಸುವುದು ನ್ಯಾಯವಲ್ಲ. ಅವನು ತನಗೆ ರೂಢಿಯಾದ ಒಂದು ಅಂಕಿಯನ್ನು ಎಲ್ಲರಿಗೂ ಹಂಚುತ್ತಾನೆ. ತಪ್ಪು ಅವನದಲ್ಲ. ಅಂಕಿಯನ್ನು ತಿಳಿದುಕೊಂಡು ಹೇಳಬೇಕಾದವನು ಕಾರಿನ ಯಜಮಾನ. ಬಂಕಿನ ಮಾಪಕವೂ ಸದಾ ಸತ್ಯವನ್ನೇ ನುಡಿಯುತ್ತದೆಂಬ ಭರವಸೆಯಿಲ್ಲ. ದಿನವಿಡೀ ಎಳೆದಾಡಿಸಿಕೊಂಡು, ನೆಲಕ್ಕೆ ಬಿದ್ದೆದ್ದು ಅದು ಬಳಲಿರುತ್ತದೆ. ಆದ್ದರಿಂದ ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಸ್ವಂತ ಮಾಪಕವೊಂದನ್ನು ಕಾರಿನಲ್ಲಿ ಇಟ್ಟುಕೊಳ್ಳುವುದು ದುಂದುಗಾರಿಕೆಯಲ್ಲ. ಮನೆಯಲ್ಲಿ ಜ್ವರಮಾಪಕ ಇಟ್ಟುಕೊಳ್ಳುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ತಂಪಾಗಿರುವಾಗಲೇ ಅಳೆಯಬೇಕು

ರಕ್ತದೊತ್ತಡವನ್ನು ಅಳೆಯುವ ಮುನ್ನ ವೈದ್ಯರು ರೋಗಿಯನ್ನು ಐದು ನಿಮಿಷ ಸುಮ್ಮನೆ ಕುಳ್ಳಿರಿಸುತ್ತಾರೆ. ಮೂರು ಮಹಡಿ ಹತ್ತಿ ಬಂದವನನ್ನು ಹಾಗೆಯೇ ಅಳೆದರೆ ದೊರೆಯುವ ಅಂಕಿ ಅವನ ನಿಜಸ್ಥಿತಿಯನ್ನು ಹೇಳುವುದಿಲ್ಲ. ಟೈರಿಗೂ ಈ ನಿಯಮ ಅನ್ವಯಿಸುತ್ತದೆ. ಬಾಗಿಲ ಚೀಟಿಯ ಅಂಕಿ ತಂಪಾದ ಟೈರಿನ ಅಂಕಿ. ಕಾರು ಕನಿಷ್ಠ ಮೂರು ಗಂಟೆಗಳ ಕಾಲ ನಿಂತಿರಬೇಕು, ಇಲ್ಲವೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಓಡಿದ ಟೈರು ಬಿಸಿಯಾಗಿ, ಒಳಗಿನ ಗಾಳಿ ಹಿಗ್ಗಲು ಹವಣಿಸಿ, ಒತ್ತಡ ನಾಲ್ಕೈದು ಪೌಂಡುಗಳಷ್ಟು ಏರುವುದುಂಟು. ಹೀಗೆ ಏರಿದುದನ್ನು ಕಂಡು ಗಾಬರಿಯಿಂದ ಗಾಳಿ ಬಿಡುವವರು, ಟೈರು ತಣಿದ ಮೇಲೆ ಕೊರತೆಯ ಗಾಳಿಯಲ್ಲಿ ಸಂಚರಿಸುತ್ತಾರೆ.

ಮನೆಯಲ್ಲಿ ಗಾಳಿ ತುಂಬುವ ಯಂತ್ರವಿಲ್ಲದವರು ಏನು ಮಾಡಬೇಕು? ಅದಕ್ಕೂ ಸರಳವಾದ ಲೆಕ್ಕವುಂಟು. ಬೆಳಿಗ್ಗೆ ಕಟ್ಟಡದ ಅಂಗಳದಲ್ಲಿಯೇ ಅಳೆದು, ಚೀಟಿಯ ಅಂಕಿಗೆ ಎಷ್ಟು ಕಡಿಮೆಯಿದೆಯೆಂದು ಬರೆದಿಟ್ಟುಕೊಳ್ಳಬೇಕು. ಇರಬೇಕಾದುದು 33, ಇರುವುದು 28 ಎಂದರೆ ಕೊರತೆ 5. ಬಂಕನ್ನು ತಲುಪುವಷ್ಟರಲ್ಲಿ ಟೈರು ಬಿಸಿಯಾಗಿ ಮಾಪಕ 30 ತೋರಿಸಿದರೆ, ಆ 30ಕ್ಕೆ 5 ಸೇರಿಸಿ 35ರವರೆಗೆ ತುಂಬಿಸಿದರೆ ಸರಿ. ಮರುದಿನ ಮುಂಜಾನೆ ಇನ್ನೊಮ್ಮೆ ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

ಋತುಮಾನದ ಪ್ರಭಾವವನ್ನೂ ಇಲ್ಲಿ ಹೇಳಬೇಕು. ಹತ್ತು ಡಿಗ್ರಿ ಸೆಲ್ಸಿಯಸ್ ತಾಪಮಾನ ಇಳಿದರೆ ಸುಮಾರು ಒಂದೂವರೆ ಪೌಂಡು ಒತ್ತಡ ಇಳಿಯುತ್ತದೆ. ದಿಲ್ಲಿಯ ಮೇ ತಿಂಗಳ ಮುಂಜಾನೆ 28 ಡಿಗ್ರಿ, ಜನವರಿಯ ಮುಂಜಾನೆ 8 ಡಿಗ್ರಿ ಎಂದಿಟ್ಟುಕೊಂಡರೆ, ಮೇ ತಿಂಗಳಲ್ಲಿ 33 ಇದ್ದದ್ದು ಜನವರಿಯಲ್ಲಿ 30ಕ್ಕೆ ಬರುತ್ತದೆ. ಇದಲ್ಲದೆ ಯಾವ ದೋಷವೂ ಇಲ್ಲದ ಟೈರಿನಿಂದಲೂ ರಬ್ಬರಿನ ಮೂಲಕ ತಿಂಗಳಿಗೆ ಒಂದೆರಡು ಪೌಂಡು ಗಾಳಿ ಸೋರಿಹೋಗುತ್ತದೆ. ಎರಡೂ ಕೂಡಿದರೆ ಎಂಟು ತಿಂಗಳು ಮರೆತ ಟೈರಿನಲ್ಲಿ ಮೂರನೆಯ ಒಂದು ಪಾಲು ಗಾಳಿ ಇರುವುದಿಲ್ಲ. ಇಂದಿನ ಟೈರುಗಳ ಗೋಡೆ ಸ್ವಭಾವತಃ ತುಸು ಉಬ್ಬಿಯೇ ಇರುವುದರಿಂದ ಈ ಕೊರತೆಯನ್ನು ಕಣ್ಣಳತೆಯಿಂದಾಗಲೀ ಕಾಲಿನಿಂದ ಒದ್ದಾಗಲೀ ತಿಳಿಯಲು ಸಾಧ್ಯವಿಲ್ಲ. ತಿಂಗಳಿಗೊಮ್ಮೆ ಮಾಪಕ ಹಿಡಿಯದೆ ಗತ್ಯಂತರವಿಲ್ಲ.

ಎರಡು ತಪ್ಪು ನಂಬಿಕೆಗಳು

ಬೇಸಿಗೆಯಲ್ಲಿ ಟೈರಿನ ಗಾಳಿಯನ್ನು ಕಡಿಮೆ ಮಾಡಬೇಕು, ಇಲ್ಲವಾದರೆ ಒಡೆಯುತ್ತದೆ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಕೇಳಲು ಯುಕ್ತವಾಗಿ ತೋರುವ ಈ ಮಾತು ಅಪಾಯಕಾರಿ. ಓಟದಲ್ಲಿ ಏರುವ ಒತ್ತಡವನ್ನು ತಯಾರಕರು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಸುಸ್ಥಿತಿಯ ಟೈರಿಗೆ ಅಷ್ಟನ್ನು ತಾಳುವ ಶಕ್ತಿಯಿದೆ. ಗಾಳಿಯನ್ನು ಇಳಿಸಿದರೆ ಬಾಗುವಿಕೆ ಹೆಚ್ಚಿ, ಶಾಖ ಇನ್ನಷ್ಟು ಹೆಚ್ಚಿ, ಯಾವುದನ್ನು ತಪ್ಪಿಸಹೊರಟರೋ ಅದನ್ನೇ ಆಹ್ವಾನಿಸಿದಂತಾಗುತ್ತದೆ.

ಸಾರಜನಕ ಹಾಕಿಸಿದರೆ ಮತ್ತೆ ನೋಡಬೇಕಾಗಿಲ್ಲ ಎಂಬುದು ಎರಡನೆಯ ನಂಬಿಕೆ. ಸಾಮಾನ್ಯ ಗಾಳಿಯಲ್ಲಿಯೇ ಶೇಕಡಾ 78 ಭಾಗ ಸಾರಜನಕವಿದೆ. ಶುದ್ಧ ಸಾರಜನಕ ತುಸು ನಿಧಾನವಾಗಿ ಸೋರುತ್ತದೆ, ಅದರಲ್ಲಿ ತೇವವಿರುವುದಿಲ್ಲ ಎಂಬುದು ನಿಜವಾದರೂ, ಬಿಸಿಗೆ ಅದೂ ಹಿಗ್ಗುತ್ತದೆ, ಚಳಿಗೆ ಅದೂ ಕುಗ್ಗುತ್ತದೆ. ಹಣ ಕೊಟ್ಟು ಹಾಕಿಸಿ ವರ್ಷಗಟ್ಟಲೆ ಮರೆತುಬಿಡುವ ಸಾರಜನಕಕ್ಕಿಂತ, ತಿಂಗಳಿಗೊಮ್ಮೆ ಅಳೆದು ಹಾಕಿಸುವ ಬಂಕಿನ ಉಚಿತ ಗಾಳಿ ಎಷ್ಟೋ ಮೇಲು.

ಅಂಕಿಯೊಡನೆ ಚೌಕಾಸಿ ಸಲ್ಲದು

ಮೆತ್ತನೆಯ ಸವಾರಿಗಾಗಿ ನಾಲ್ಕಾರು ಪೌಂಡು ಕಡಿಮೆಯಿದ್ದರೇನು ಎನ್ನುವವರು ಅಮೆರಿಕದ ಒಂದು ಪ್ರಕರಣವನ್ನು ನೆನೆಯಬೇಕು. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ವಾಹನಕ್ಕೆ ಅಳವಡಿಸಿದವು. ಓಟದ ನಡುವೆ ಟೈರಿನ ಮೇಲ್ಪದರ ಕಿತ್ತುಬಂದು, ವಾಹನಗಳು ಮಗುಚಿ, 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಫೋರ್ಡ್ ಸೂಚಿಸಿದ್ದ ಒತ್ತಡ 26 ಪೌಂಡು. 30 ಇರಬೇಕೆಂದು ಫೈರ್‌ಸ್ಟೋನ್ ಹೇಳಿತು. ಟೈರಿನ ದೋಷವೆಷ್ಟು, ವಾಹನದ ವಿನ್ಯಾಸದ ಪಾಲೆಷ್ಟು ಎಂದು ಎರಡೂ ಕಂಪನಿಗಳು ಪರಸ್ಪರ ದೂಷಿಸಿಕೊಂಡವು. ಆ ವ್ಯಾಜ್ಯ ಹೇಗೇ ಇರಲಿ, ಕಡಿಮೆ ಅಂಕಿಯಿಂದ ಆರಂಭಿಸಿದವನಿಗೆ ಸೋರಿಕೆ, ಬಿಸಿಲು, ಭಾರ, ವೇಗ ನಾಲ್ಕೂ ಕೂಡಿಬಂದಾಗ ಉಳಿಯುವ ಅಂತರ ಅತ್ಯಲ್ಪ ಎಂಬುದಂತೂ ಸ್ಪಷ್ಟವಾಯಿತು. ಆದಕಾರಣ ಚೀಟಿಯ ಅಂಕಿಯನ್ನು ಎಂದೂ ಇಳಿಯಬಾರದ ಕೆಳಗಿನ ಎಲ್ಲೆಯೆಂದು ಪರಿಗಣಿಸುವುದು ಲೇಸು.

ಆ ದುರಂತದ ಫಲವಾಗಿ ಅದೇ ವರ್ಷ ಅಮೆರಿಕದಲ್ಲಿ ಬಂದ ಶಾಸನದ ಮೂಲಕ, ಟೈರಿನ ಒತ್ತಡ ಇಳಿದಾಗ ದೀಪ ಹೊತ್ತಿಸಿ ಎಚ್ಚರಿಸುವ ಉಪಕರಣ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಭಾರತದಲ್ಲಿಯೂ ಈಗ ಅನೇಕ ಕಾರುಗಳಲ್ಲಿ ಇದು ಬರುತ್ತಿದೆ. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಂತೆ, ಈ ಉಪಕರಣವೂ ದುರಸ್ತಿಯ ಸಾಮಗ್ರಿಯೂ ಇರುವ, ಟ್ಯೂಬಿಲ್ಲದ ಟೈರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಉಪಕರಣ ಉಪಯುಕ್ತವಾದದ್ದೇ. ಆದರೆ ಅಮೆರಿಕದ ನಿಯಮದ ಪ್ರಕಾರ ದೀಪ ಹೊತ್ತಲೇಬೇಕಾದುದು ಒತ್ತಡ ಶೇಕಡಾ 25ರಷ್ಟು ಇಳಿದಾಗ. 33 ಇರಬೇಕಾದಲ್ಲಿ 27 ಇದ್ದರೂ ದೀಪ ಮೌನವಾಗಿರಬಹುದು. ಎದೆನೋವು ಬಂದಿಲ್ಲವೆಂದು ಹೃದಯ ಸುಸ್ಥಿತಿಯಲ್ಲಿದೆಯೆಂದು ತಿಳಿಯುವಂತೆ, ದೀಪ ಹೊತ್ತಿಲ್ಲವೆಂದು ನೆಮ್ಮದಿಯಿಂದಿರುವುದು ಸರಿಯಲ್ಲ.

ಊರಿನ ದಾರಿಯಲ್ಲಿ

ಹೊರನಾಡ ಕನ್ನಡಿಗರಿಗೆ ಈ ವಿಷಯ ವಿಶೇಷವಾಗಿ ಅನ್ವಯಿಸುತ್ತದೆ. ಮಹಾನಗರದಲ್ಲಿ ಕಚೇರಿಗೆ ರೈಲು, ಮೆಟ್ರೋ, ಬಸ್ಸುಗಳೇ ಗತಿಯಾಗಿರುವ ಅನೇಕರ ಕಾರು ವಾರವಿಡೀ ಕಟ್ಟಡದ ಅಂಗಳದಲ್ಲಿ ನಿಂತಿರುತ್ತದೆ. ಭಾನುವಾರ ಸಂಘದ ಕಾರ್ಯಕ್ರಮಕ್ಕೋ ಬಂಧುಗಳ ಮನೆಗೋ ಹೋಗಿಬರುವುದನ್ನು ಬಿಟ್ಟರೆ ಅದು ದೂರ ಓಡುವುದು ಮಕ್ಕಳ ರಜೆಯಲ್ಲಿ, ಚೌತಿಗೆ, ದೀಪಾವಳಿಗೆ ಊರಿಗೆ ಹೊರಟಾಗ ಮಾತ್ರ. ಮುಂಬಯಿ, ಪುಣೆಗಳಿಂದ ಸಾತಾರಾ, ಕೊಲ್ಹಾಪುರ, ನಿಪ್ಪಾಣಿಗಳ ಮೇಲೆ ಬೆಳಗಾವಿ, ಹುಬ್ಬಳ್ಳಿಗೆ ಸಾಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಾಗಲೀ, ಕೊಂಕಣದ ಮೂಲಕ ಉಡುಪಿ, ಮಂಗಳೂರಿಗೆ ಇಳಿಯುವ 66ನೆಯದಾಗಲೀ, ಹೈದರಾಬಾದಿನಿಂದ ಬೆಂಗಳೂರಿಗೆ ಬರುವ 44ನೆಯದಾಗಲೀ ನೂರಾರು ಕಿಲೋಮೀಟರುಗಳ ಹಾದಿ. ಹಾಗೆ ತಿಂಗಳುಗಟ್ಟಲೆ ನಿಂತ ಟೈರು ಒಂದೇ ದಿನ ಹಗಲಿಡೀ ವೇಗವಾಗಿ ಓಡಬೇಕು; ಅದೂ ಐವರು ಮಂದಿ ಮತ್ತು ಅವರ ಪೆಟ್ಟಿಗೆಗಳನ್ನು ಹೊತ್ತು.

ಹಿಂದಿರುಗುವಾಗಿನ ಭಾರವನ್ನಂತೂ ಹೇಳುವಂತಿಲ್ಲ. ಊರಿನ ತೆಂಗಿನಕಾಯಿ, ಅಕ್ಕಿಯ ಚೀಲ, ಹಲಸಿನ ಹಣ್ಣು, ಉಪ್ಪಿನಕಾಯಿಯ ಜಾಡಿ, ಬೇಡವೆಂದರೂ ಅಜ್ಜಿ ತುರುಕಿದ ಹಪ್ಪಳದ ಡಬ್ಬಿ ಎಲ್ಲವೂ ಹಿಂದಿನ ಚಕ್ರಗಳ ಮೇಲೆಯೇ ಕುಳಿತುಕೊಳ್ಳುತ್ತವೆ. ಚೀಟಿಯಲ್ಲಿ ಪೂರ್ತಿ ಭಾರಕ್ಕೆಂದು ಬೇರೆ ಅಂಕಿ ಕೊಟ್ಟಿರುವುದು ಇಂಥ ಸಂದರ್ಭಕ್ಕಾಗಿಯೇ. ಆ ಅಂಕಿಗೆ ಗಾಳಿ ಏರಿಸಿ ಹೊರಡಬೇಕು. ಕಾರಿಗೆ ತಯಾರಕರು ಗೊತ್ತುಮಾಡಿದ ಒಟ್ಟು ಭಾರದ ಮಿತಿಯನ್ನು ಮೀರಬಾರದು. ಮೀರಿದ ಭಾರಕ್ಕೆ ಗಾಳಿಯಲ್ಲಿ ಪರಿಹಾರವಿಲ್ಲ; ಅಕ್ಕಿಯ ಚೀಲವನ್ನು ಬಸ್ಸಿನ ಪಾರ್ಸೆಲ್ಲಿಗೆ ಒಪ್ಪಿಸುವುದೇ ಪರಿಹಾರ.

ಸ್ಟೆಪ್ನಿಯ ಗಾಳಿಯನ್ನು ನೋಡುವುದನ್ನೂ ಮರೆಯಬಾರದು. ವೇಲ್ಸ್ ದೇಶದ ಲಾನೆಥ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಹುಟ್ಟಿದ ಹೆಚ್ಚುವರಿ ಚಕ್ರ ಆ ಬೀದಿಯ ಹೆಸರಿನಿಂದಲೇ ಭಾರತದಲ್ಲಿ ಇಂದಿಗೂ ಕರೆಯಿಸಿಕೊಳ್ಳುತ್ತಿದೆ. ಸಾಮಾನುಗಳಡಿ ಹೂತುಹೋದ ಈ ಬಡಪಾಯಿ ಚಕ್ರವನ್ನು ಯಾರೂ ವಿಚಾರಿಸುವುದಿಲ್ಲ. ಕತ್ತಲ ಘಾಟಿಯಲ್ಲಿ ಅದನ್ನು ಹೊರತೆಗೆದಾಗ ಅದರಲ್ಲಿಯೂ ಗಾಳಿಯಿಲ್ಲದಿದ್ದರೆ ಹೆಂಡತಿ ಮಕ್ಕಳೊಡನೆ ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಕೆಲವು ಹೊಸ ಕಾರುಗಳಲ್ಲಿರುವ ಅಗಲ ಕಡಿಮೆಯ ತಾತ್ಕಾಲಿಕ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪೌಂಡು ಗಾಳಿ ಬೇಕು, ಅದರ ಮೇಲೆ ಗಂಟೆಗೆ 80 ಕಿಲೋಮೀಟರು ಮೀರಬಾರದು ಎಂಬುದೂ ತಿಳಿದಿರಬೇಕು. ಟೈರಿನ ಹಲ್ಲಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಕಾರನ್ನು ರಸ್ತೆಗಿಳಿಸುವುದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿರುದ್ಧ. ಅಂಥ ಸವೆದ ಟೈರಿಗೆ ಸರಿಯಾದ ಗಾಳಿಯೂ ರಕ್ಷೆಯಾಗದು.

ಸಂಘಗಳು ಮಾಡಬಹುದಾದ ಕೆಲಸ

ಹೊರನಾಡಿನ ಕನ್ನಡ ಸಂಘಗಳು ನಾಟಕ, ಯಕ್ಷಗಾನ, ರಾಜ್ಯೋತ್ಸವಗಳ ಜೊತೆಗೆ ಸದಸ್ಯರ ಆರೋಗ್ಯದ ಹೊಣೆಯನ್ನೂ ಹೊತ್ತಿರುವುದು ಶ್ಲಾಘನೀಯ. ರಕ್ತದೊತ್ತಡ, ಸಕ್ಕರೆ, ಕಣ್ಣುಗಳ ತಪಾಸಣೆಯ ಶಿಬಿರಗಳು ನಡೆಯುತ್ತಲೇ ಇವೆ. ಶಿಬಿರಕ್ಕೆ ಬಂದವರು ಒಳಗೆ ತಮ್ಮ ಒತ್ತಡವನ್ನು ಅಳೆಸಿಕೊಳ್ಳುವಾಗ, ಹೊರಗೆ ಸಾಲಾಗಿ ನಿಂತ ಅವರ ಕಾರುಗಳ ಒತ್ತಡವನ್ನು ಅಳೆಯಲು ಇಬ್ಬರು ಉತ್ಸಾಹಿ ತರುಣರು ಮತ್ತು ಒಂದು ಮಾಪಕ ಸಾಕು. ಬೇಸಿಗೆ ರಜೆಗೂ ಚೌತಿಗೂ ಒಂದು ವಾರ ಮುನ್ನ ಇಂಥದೊಂದು ಬೆಳಗನ್ನು ಏರ್ಪಡಿಸಿ, ಪ್ರತಿಯೊಬ್ಬರ ಕೈಗೂ ಅವರವರ ಕಾರಿನ ಅಂಕಿಯನ್ನು ಬರೆದುಕೊಟ್ಟರೆ, ಸಂಘದ ಬೊಕ್ಕಸಕ್ಕೆ ಭಾರವಾಗದು. ಒಮ್ಮೆ ಕಲಿತ ಅಂಕಿ ಆ ಕಾರು ಮನೆಯಲ್ಲಿರುವವರೆಗೂ ನೆರವಾಗುತ್ತದೆ.

ಮಹಾನವಮಿಯಂದು ಪೂಜೆಗಿಡುವ ಸುತ್ತಿಗೆ, ಕತ್ತರಿ, ಲೆಕ್ಕದ ಪುಸ್ತಕಗಳ ಪಕ್ಕದಲ್ಲಿ ಗಾಳಿಯ ಮಾಪಕಕ್ಕೂ ಒಂದು ಸ್ಥಾನ ದೊರೆಯಲಿ. ಅದಕ್ಕೂ ಕುಂಕುಮ ಹಚ್ಚಿ, ಉಳಿದ ಹನ್ನೊಂದು ತಿಂಗಳೂ ತಪ್ಪದೆ ಕೈಗೆತ್ತಿಕೊಂಡರೆ, ಪೂಜೆ ಸಾರ್ಥಕವಾದೀತು. ಊರಿನ ಹೊಸ್ತಿಲಲ್ಲಿ ದಾರಿ ಕಾಯುತ್ತ ಕುಳಿತಿರುವ ಹಿರಿಯರ ಜೀವವೂ ತಂಪಾದೀತು.